ದೂರು ಬರದ ಬಾಗಿಲು

"ತೆಗೆದುಬಿಡೋಣ ಕಣಮ್ಮ. ಬರೆದವನು ನಾನೇ ಹೇಳ್ತಿದ್ದೀನಲ್ಲ," ಎಂದು ಮೇಷ್ಟ್ರು ಹಳದಿ ಚೀಟಿಯನ್ನು ತಮ್ಮ ಮನೆಯ ಊಟದ ಮೇಜಿಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದರು.

ಮೇಜಿನ ತುಂಬ ಅಂಥವೇ ಚೀಟಿಗಳು. ಎಡಗಡೆ ಆ್ಯಪ್‌ನ ಮುಂದಿನ ಬಿಡುಗಡೆಯ ಕೆಲಸಗಳು, ನಡುವೆ ಅದರ ನಂತರದ್ದು, ಬಲಗಡೆ ಯಜಮಾನಿ 'ದೇವರಿಚ್ಛೆ' ಎಂದು ಹೆಸರಿಟ್ಟಿದ್ದ ರಾಶಿ. ಯಜಮಾನಿ ಎಂದರೆ ಆ ಮನೆಯ ಯಜಮಾನಿಯಲ್ಲ. ಹಗಲೆಲ್ಲ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತ, ಬಿಡುವಿನಲ್ಲಿ ಈ ವ್ಯಾಲೆಟ್ಟಿನ ಯಾವ ಆವೃತ್ತಿ ಯಾವಾಗ ಹೊರಬೀಳಬೇಕೆಂದು ತೀರ್ಮಾನಿಸುವ ಹೆಂಗಸು. ವ್ಯಾಲೆಟ್ ಎಂದರೆ ಕ್ರಿಪ್ಟೋ ಹಣದ ಬೀಗದ ಕೈಯನ್ನು ಬ್ಯಾಂಕಿಗೆ ಒಪ್ಪಿಸದೆ ಜನರ ಬಳಿಯೇ ಇರಿಸುವ ಒಂದು ಆ್ಯಪ್. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಪ್ಪು ಹುಡುಕಿ ಜಗಳಕ್ಕೂ ಬರಬಹುದು. ಸಂಬಳ ಮಾತ್ರ ಯಾರಿಗೂ ಇಲ್ಲ.

ಅದರ ಮೊದಲ ಆವೃತ್ತಿ ಬರೆದವರು ಮೇಷ್ಟ್ರು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಕಾಲದಲ್ಲಿ. ಅವರೇ ಮಾಡಿದ ಪಟ್ಟಿಯಿಂದ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಆರಿಸಿಕೊಟ್ಟ, ಸಾಲಾಗಿ ಕೆಲವು ಸಾದಾ ಪದಗಳು. ಅವೇ ಬೀಗದ ಕೈ. ಫೋನ್ ಕಳೆದರೂ ಮುರಿದರೂ ಆ ಪದಗಳನ್ನು ಅದೇ ಕ್ರಮದಲ್ಲಿ ಹೇಳಿದರೆ ಹಣ ಮತ್ತೆ ಸಿಗುತ್ತದೆ. ಆಮೇಲೆ ಜಗತ್ತಿನ ವ್ಯಾಲೆಟ್‌ಗಳೆಲ್ಲ ಬೇರೊಂದು ಪದಪಟ್ಟಿಯನ್ನು ಒಪ್ಪಿಕೊಂಡವು. ಇವರ ಆ್ಯಪ್ ಕೂಡ ಆ ಕಡೆ ಹೊರಳಿತು. ಮೇಷ್ಟ್ರ ಪಟ್ಟಿ 'ಹಳೇ ಬಾಗಿಲು' ಎಂಬ ಹೆಸರಿನಲ್ಲಿ ಮೂಲೆ ಸೇರಿತು. ಅದರ ಒಳಹೊರಗು ಬಲ್ಲವರು ಅವರೊಬ್ಬರೇ, ಅವರಿಗೋ ಈಗ ಕಣ್ಣು ಕೈಕೊಡುತ್ತಿತ್ತು. ಪರದೆಯ ಮೇಲಿನ ಅಕ್ಷರಗಳು ನಡುವೆಯೇ ಒಡೆದು ಕಾಣುತ್ತಿದ್ದವು.

"ಯಾರೂ ಬಳಸ್ತಿಲ್ಲ ಅಂತ ಹೇಗೆ ಹೇಳ್ತೀರಿ ಮೇಷ್ಟ್ರೇ?"

"ಒಂದು ದೂರು ಬಂದಿದ್ಯಾ ಇಷ್ಟು ವರ್ಷದಲ್ಲಿ? ಹೊಸದರಲ್ಲಿ ಒಂದು ಗುಂಡಿ ಆ ಕಡೆ ಈ ಕಡೆ ಆದ್ರೆ ಊರೆಲ್ಲ ಬಾಯಿಗೆ ಬಂದ ಹಾಗೆ ಬೈಯತ್ತೆ. ಹಳೇದರ ಬಗ್ಗೆ ಯಾರೂ ಚಕಾರ ಎತ್ತಿಲ್ಲ. ಸತ್ತಿರೋದನ್ನ ಎಷ್ಟು ದಿನ ಹೊರೋದು? ಇದು ಹೋದ್ರೆ ನಾನೂ ಕೈ ತೊಳ್ಕೋತೀನಿ."

ಮೇಷ್ಟ್ರು ನಕ್ಕರು. ಆ ನಗು ಯಜಮಾನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಇಷ್ಟು ವರ್ಷದ ಕೆಲಸ ಯಾರಿಗೂ ಬೇಕಾಗಲಿಲ್ಲ ಎಂದು ಮನುಷ್ಯ ತಾನೇ ತೀರ್ಪು ಕೊಟ್ಟುಕೊಂಡು ಎದ್ದು ಹೋಗುತ್ತಿದ್ದಾರೆ, ತಡೆಯಲು ಅವಳ ಬಳಿ ಒಂದು ಸಾಕ್ಷಿಯೂ ಇಲ್ಲ. ಎಲ್ಲಿಂದ ಬರಬೇಕು? ಬಳಸುವವರು ಯಾರು, ಯಾವ ಊರಿನವರು, ಎಷ್ಟು ಜನ ಎಂದು ಈ ಆ್ಯಪ್ ಕೇಳುವುದಿಲ್ಲ, ನೋಡುವುದಿಲ್ಲ, ಬರೆದಿಡುವುದಿಲ್ಲ. ಅದು ಅವರೇ ಹಾಕಿಕೊಂಡ ನಿಯಮ.

ಇನ್ನೊಂದು ನಿಯಮವೂ ಇತ್ತು. ಏನನ್ನೇ ತೆಗೆಯುವುದಿದ್ದರೂ ಒಂದು ಬಿಡುಗಡೆ ಮುಂಚಿತವಾಗಿ ಹೇಳಬೇಕು. ಹಾಗಾಗಿ ಮುಂದಿನ ಆವೃತ್ತಿಯಲ್ಲಿ, ಹಳೇ ಬಾಗಿಲಿಂದ ಬಂದವರಿಗೆ ಮಾತ್ರ ಕಾಣುವಂತೆ ಎರಡು ಸಾಲು ಸೇರಿಸಿದರು: ಈ ದಾರಿಯನ್ನು ಮುಚ್ಚಲಿದ್ದೇವೆ, ಬೇಕಿದ್ದರೆ ತಿಳಿಸಿ.

"ಗೋಡೆ ಜೊತೆ ಮಾತಾಡ್ತಿದೀಯ," ಎಂದರು ಮೇಷ್ಟ್ರು.

ಗೋಡೆ ಮಾತಾಡಿತು. ಬಿಡುಗಡೆಯಾದ ವಾರದಲ್ಲೇ ಯಜಮಾನಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಂದಳು. ಮೇಷ್ಟ್ರ ಹೆಂಡತಿ ಕದ ತೆರೆದು ಅವಳ ಮುಖ ನೋಡಿ, "ಏನಮ್ಮ, ಯಾರಿಗೇನಾಯ್ತು?" ಎಂದು ಗಾಬರಿಯಾದರು.

"ಏನೂ ಆಗಿಲ್ಲ ಅಮ್ಮ. ನೀವೂ ಬನ್ನಿ, ಕೂತ್ಕೊಳ್ಳಿ."

ಅವಳು ಓದತೊಡಗಿದಳು. ಹಳೇ ಬಾಗಿಲು ಬಳಸುವವರ ಪತ್ರಗಳು ಎಷ್ಟೋ ಭಾಷೆಗಳಲ್ಲಿ ಬಂದಿದ್ದವು, ಅವಳು ಹೇಗೋ ಅರ್ಥ ಮಾಡಿಸಿಕೊಂಡಿದ್ದಳು. ಹಡಗಿನ ಅಡುಗೆಯವನೊಬ್ಬ ಬರೆದಿದ್ದ: ದಡಕ್ಕೆ ಬಂದಾಗಲೆಲ್ಲ ತೆರೆಯುತ್ತೇನೆ, ತೆರೆಯುತ್ತದೆ, ನಿಮಗೆ ಬರೆಯಲು ಕಾರಣವೇ ಸಿಗಲಿಲ್ಲ. ದಾದಿಯೊಬ್ಬಳದು: ಕೆಡದ ವಸ್ತುವಿನ ಬಗ್ಗೆ ಯಾರಾದರೂ ದೂರು ಕೊಡುತ್ತಾರೆಯೇ? ಓದಿದಷ್ಟೂ ಮುಗಿಯುತ್ತಿರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೂತರು.

"ಇದೊಂದು ಕೇಳಿ," ಎಂದು ಯಜಮಾನಿ ದನಿ ತಗ್ಗಿಸಿದಳು. "'ಯುದ್ಧ ಬಂದಾಗ ರಾತ್ರೋರಾತ್ರಿ ಮನೆ ಬಿಟ್ಟೆವು. ಗಡಿಯಲ್ಲಿ ಫೋನ್, ಚೀಲ, ಉಂಗುರ ಎಲ್ಲ ಕಿತ್ತುಕೊಂಡರು. ಅಮ್ಮ ನಿಮ್ಮ ಪದಗಳಿಗೆ ರಾಗ ಕಟ್ಟಿ ನನಗೂ ತಮ್ಮನಿಗೂ ದಾರಿಯುದ್ದಕ್ಕೂ ಹಾಡಿಸಿದ್ದಳು. ಕಾವಲಿನವರ ಮುಂದೆಯೇ ಹಾಡಿಕೊಂಡು ದಾಟಿದೆವು. ಆ ಕಡೆ ಹೋಗಿ ಬಾಗಿಲು ತೆರೆದೆವು. ಅಮ್ಮನಿಗೆ ಈಗ ಮರೆವು, ನಮ್ಮ ಹೆಸರೂ ನೆನಪಿಲ್ಲ, ಹಾಡು ಮಾತ್ರ ಇದೆ. ಪದಗಳು ಯಾವುವು ಎಂದು ಹೇಳುವುದಿಲ್ಲ. ಯಾರಿಗೂ ಹೇಳಬಾರದು ಎಂದು ನೀವೇ ಬರೆದಿದ್ದೀರಿ.'"

ಮೇಷ್ಟ್ರ ಹೆಂಡತಿ ಮೆಲ್ಲಗೆ ಗಂಡನ ಕಡೆ ತಿರುಗಿದರು.

"ರೀ, ಆ ಪದಗಳನ್ನ ನಾವಿಬ್ರೂ ಇದೇ ಮೇಜಿನ ಮೇಲೆ ಆರಿಸಿದ್ದಲ್ವಾ? ನೀವು ದೊಡ್ಡ ದೊಡ್ಡ ಪದ ತರ್ತಿದ್ರಿ, ನಾನು ಬೇಡ ಅಂತಿದ್ದೆ."

"ಹೂಂ. ಬಾಯಲ್ಲಿ ನಿಲ್ಲೋ ಪದ ಬೇಕು ಅಂತ ಜಗಳ ಆಡಿದ್ದೆ ನೀನು."

"ಯಾರಂತೆ ಆ ಮಕ್ಕಳು?"

"ಗೊತ್ತಿಲ್ಲ ಕಣೇ."

"ಯಾವ ಊರು?"

"ಅದೂ ಗೊತ್ತಿಲ್ಲ."

ಕಿಟಕಿಯಾಚೆ ಬಸ್ಸೊಂದು ಜನರನ್ನು ಇಳಿಸುತ್ತಿತ್ತು. ಅವರಲ್ಲಿ ಯಾರ ಬಾಯಲ್ಲಿ ಏನು ಹಾಡಿದೆಯೋ ಎಂದು ಆಕೆ ಕಣ್ಣು ಕೀಲಿಸಿ ನೋಡಿದರು. ಮೇಷ್ಟ್ರು ಸತ್ತಿದೆ ಎಂದುಕೊಂಡದ್ದು ಇಷ್ಟು ವರ್ಷ ಅವರಿಗೇ ತಿಳಿಯದ ಹಾಗೆ ಎಲ್ಲೆಲ್ಲೋ ಉಸಿರಾಡುತ್ತಿತ್ತು.

"ಮುಚ್ಚೋ ಹಾಗಿಲ್ಲ," ಎಂದರು ಕೊನೆಗೆ. "ಆದ್ರೆ ನೋಡ್ಕೊಳ್ಳೋರು ಯಾರು? ನನ್ನ ಕಣ್ಣು ನಿನಗೆ ಗೊತ್ತಲ್ಲ."

"ನಾನು ಓದ್ತೀನಿ, ನೀವು ಹೇಳಿ. ಮುಂದಿನ ಬಿಡುಗಡೆಗೆ ಬೇರೆ ಏನೂ ಬೇಡ. ಇದೊಂದೇ."

ಅವಳು ಕೋಡ್ ತೆರೆದು ಮೊದಲ ಸಾಲಿಂದ ಗಟ್ಟಿಯಾಗಿ ಓದಿದಳು. ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತ ಒಂದೊಂದನ್ನೂ ಬಿಡಿಸಿ ಹೇಳಿದರು. ಹೇಳಿದ್ದನ್ನು ಅವಳು ಆಯಾ ಸಾಲಿನ ಪಕ್ಕದಲ್ಲೇ ಬರೆಯುತ್ತ ಹೋದಳು. ಒಂದು ಕಡೆ ಅವಳ ಕೈ ನಿಂತಿತು.

"ಪದ ತಪ್ಪಾದ್ರೆ 'ತಪ್ಪು' ಅಂತ ಹೇಳಿ ಕಳಿಸಿದ್ರೆ ಸಾಕಾಗಿತ್ತಲ್ಲ ಮೇಷ್ಟ್ರೇ? ಎಲ್ಲಿ ತಪ್ಪಿರಬಹುದು ಅಂತ ಹುಡುಕೋಕೆ ಇಷ್ಟು ಉದ್ದ ಯಾಕೆ ಬರೆದ್ರಿ?"

"ಹೆದರಿದವರ ಕೈ ನಡುಗತ್ತೆ ಕಣಮ್ಮ. ಒಂದು ಪದ ಹಿಂದೆ ಮುಂದೆ ಆಗತ್ತೆ. ಅಷ್ಟು ದೂರದಿಂದ ಬಂದೋರನ್ನ ಬಾಗಿಲಲ್ಲಿ ನಿಲ್ಲಿಸಿ ವಾಪಸ್ ಕಳಿಸೋಕಾಗತ್ತಾ?"

ಯಜಮಾನಿ ಅದನ್ನು ಹಾಗೇ ಬರೆದುಕೊಂಡಳು. ಮೇಷ್ಟ್ರ ಹೆಂಡತಿ ಒಳಗೆ ಹೋಗಿ ಒಲೆ ಆರಿಸಿ ಬಂದು, ಇನ್ನೊಂದು ಕುರ್ಚಿ ಎಳೆದುಕೊಂಡು ಕೂತರು.

"ಮುಂದೆ ಓದಮ್ಮ," ಎಂದರು.