ಮಣ್ಣಿನ ಬಳಿಯಿಟ್ಟ ನಿಕ್ಷೇಪ

ವಾಡಿ ಜಂಕ್ಷನ್ನಿನ ಎದುರಿಗೆ ಮೂವತ್ತು ವರ್ಷ ಚಹಾದ ಅಂಗಡಿ ನಡೆಸಿದ ಅಮೀರ್ ಅಲಿ ಯಜ್ದಿಯವರು ಅದನ್ನು ಬೇರೊಬ್ಬರಿಗೆ ಒಪ್ಪಿಸಿ ಕುವೈತಿಗೆ ಹೊರಟು ನಿಂತದ್ದು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷದ ಚಳಿಗಾಲದಲ್ಲಿ. ಇರಾನಿನ ಯಜ್ದ್ ಪಟ್ಟಣದಲ್ಲಿ ಹುಟ್ಟಿ, ಹರೆಯದಲ್ಲಿ ಮುಂಬೈಯ ಹಡಗುಕಟ್ಟೆಯಲ್ಲಿಳಿದು, ರೈಲು ಒಯ್ದತ್ತ ಸಾಗಿ ವಾಡಿಯಲ್ಲಿ ನೆಲೆಯೂರಿದವರು. ಊರಿನ ಬಾಯಲ್ಲಿ ಅವರು ಆಗಾ. ಪೊಲೀಸರ ದಫ್ತರದಲ್ಲಿ ಇಂದಿಗೂ ಪರದೇಶಿ. ಈಗ ಕುವೈತಿನಲ್ಲಿ ರೊಟ್ಟಿಯ ಭಟ್ಟಿ ಹೂಡಿದ್ದ ಚಿಕ್ಕಪ್ಪನ ಮಗ ಕರೆಕಳುಹಿದ್ದ. ಒಂದು ಪರದೇಶವನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದಷ್ಟೇ ಎಂದು ಆಗಾ ತಮಗೆ ತಾವೇ ಹೇಳಿಕೊಂಡಿದ್ದರು.

ಅಂಗಡಿಗೆ ಮೊದಲಿನಿಂದಲೂ ಹಾಲು ಹಾಕುತ್ತಿದ್ದ ಮಹಾದೇವಮ್ಮ ಈಚೆಗೆ ಹಾಲು ಅಳೆದಾದ ಮೇಲೂ ಎದ್ದು ಹೋಗುತ್ತಿರಲಿಲ್ಲ.

“ಅಲ್ಲಿ ನೀರು ಎಣ್ಣಿಗಿಂತ ತುಟ್ಟಿ ಅಂತಲ್ರಿ, ಆಗಾ?”

“ಹೌದವ್ವ. ಅದಕ್ಕಽ ಅಲ್ಲಿ ಹಾಲು ಶುದ್ಧ ಸಿಗ್ತದ.”

“ಅಯ್ಯ! ಮೂವತ್ತು ವರ್ಷ ನನ್ನ ಹಾಲು ಕಾಸಿ ಈಗ ಹಂಗಸ್ತೀರೇನು? ಹೋಗ್ರಿ, ಒಂಟಿ ಹಾಲು ಕುಡೀರಿ.” ಅವಳು ನಕ್ಕು, ಮೂಲೆಯಲ್ಲಿದ್ದ ಉದ್ದನೆಯ ತೇಗದ ಪೆಟ್ಟಿಗೆಯತ್ತ ಕೈಮಾಡಿದಳು. “ಇಷ್ಟು ದೊಡ್ಡ ಪೆಟ್ಟಿಗ್ಯಾಗ ಏನು ಒಯ್ಯಾಕತ್ತೀರಿ? ಉಟ್ಟ ಬಟ್ಟಿ ಬಿಟ್ರ ನಿಮ್ಮ ಹತ್ರ ಏನದ?”

ಆಗಾ ಹಾಲನ್ನು ಒಲೆಗೇರಿಸಿದರು. ಆ ಪೆಟ್ಟಿಗೆ ಅವರ ಹೆಂಡತಿಗಾಗಿ ಮಾಡಿಸಿದ್ದು.

ಶಹರಬಾನು ಶಹಾಬಾದಿನ ಹೆಣ್ಣು, ಅಲ್ಲಿಯ ಕಲ್ಲುಗಣಿಯ ಮೇಸ್ತ್ರಿ ಬಂದೇಅಲಿಯ ತಂಗಿ. ಮಕ್ಕಳಾಗಿರಲಿಲ್ಲ. ಒಂಬತ್ತು ವರ್ಷಗಳ ಹಿಂದೆ ಜ್ವರದಿಂದ ತೀರಿಕೊಂಡಾಗ ಅವಳನ್ನು ತವರೂರಿನ ಖಬರಸ್ತಾನದಲ್ಲಿಯೇ ಮಣ್ಣು ಮಾಡಿದರು. ಅಂದು ಆಗಾ ಗೋರಿಯ ತಲೆಯ ಬದಿಗೆ ಬಾಗಿ, ತಮ್ಮ ಪಾರಸಿಯಲ್ಲಿ, ಯಾರಿಗೂ ಕೇಳಿಸದಂತೆ ಮಣ್ಣಿನೊಡನೆ ಮಾತಾಡಿದ್ದರು: ‘ಇವಳನ್ನು ನಿನಗೆ ಕೊಡುತ್ತಿಲ್ಲ, ನಿನ್ನ ಬಳಿ ಇಡುತ್ತಿದ್ದೇನೆ. ಕರ್ಬಲೆಯ ಪುಣ್ಯಭೂಮಿಗೆ ಒಯ್ಯಲು ಬಂದ ದಿನ, ಇಟ್ಟಂತೆಯೇ ಹಿಂದಿರುಗಿಸು.’ ಹೀಗೆ ನಿಕ್ಷೇಪವಾಗಿ ಒಪ್ಪಿಸಿದ ದೇಹವನ್ನು ಮಣ್ಣು ಮುಟ್ಟದೆ ಕಾಯುತ್ತದೆಂಬುದು ಅವರ ಹಿರಿಯರ ಶ್ರದ್ಧೆ. ಒತ್ತೆಯಿಟ್ಟದ್ದನ್ನು ಕೇಳಿದಾಗ ಮರಳಿಸುವುದು ಮನುಷ್ಯನಿಗೇ ಧರ್ಮವಾಗಿರುವಾಗ, ಕ್ಷಮೆಯೆಂದೇ ಹೆಸರು ಪಡೆದ ಭೂಮಿಗೆ ಅದು ಅಸಾಧ್ಯವೆ?

ಇಟ್ಟದ್ದೇ ಹೊರತು ಕೊಟ್ಟದ್ದಲ್ಲವಾದ್ದರಿಂದ ಗೋರಿಗೆ ಕಲ್ಲು ಹೊದಿಸುವಂತಿರಲಿಲ್ಲ. ನೆಲ, ಮಾಡು, ಬಚ್ಚಲು, ದನದ ಗೋದಲಿಗಳೆಲ್ಲ ಹಾಸುಗಲ್ಲೇ ಆಗಿರುವ ಶಹಾಬಾದಿನಲ್ಲಿ, ಕಲ್ಲುಮೇಸ್ತ್ರಿಯ ತಂಗಿ ಬರಿಯ ಮಣ್ಣುದಿಬ್ಬದ ಕೆಳಗೆ ಮಲಗಿದ್ದಳು. ಬಂದೇಅಲಿಯ ಮನೆತನದಲ್ಲಿ ಈ ಪದ್ಧತಿಯಿಲ್ಲ. ಅವನೇ ಕಲ್ಲು ಹೂಡಲು ಬಂದಾಗ ಆಗಾ ತಡೆದರು. ಕಾರಣ ಹೇಳಿದರೆ ಒಯ್ಯಗೊಡಲಾರನೆಂಬ ಅಂಜಿಕೆಯಿಂದ ಬಾಯಿ ಬಿಡಲಿಲ್ಲ. ಜುಗ್ಗನೆಂದು ತಿಳಿದು ಅವನು ಮಾತು ಬಿಟ್ಟ.

ಕುವೈತಿನಿಂದ ಕರ್ಬಲೆಗೆ ಒಂದೆರಡು ದಿನದ ದಾರಿ. ಗೋರಿ ತೆರೆದು ದೇಹವನ್ನು ಒಯ್ಯಲು ಸರ್ಕಾರದ ಅಪ್ಪಣೆಯೂ ದೊರೆತಿತ್ತು. ಉಳಿದದ್ದು ಅವಳ ಒಡಹುಟ್ಟಿದವನ ಒಪ್ಪಿಗೆ. ಆಗಾ ಶಹಾಬಾದಿನ ಗಣಿಗೆ ಹೋದರು.

ಬಂದೇಅಲಿ ಕಲ್ಲಿನ ಪದರಿಗೆ ಉಳಿ ಹಚ್ಚಿ ಕೂತಿದ್ದ. ತಲೆಯೆತ್ತದೆ ಎಂದ: “ಬರ್ರಿ, ಇರಾನದ ಬಾದಶಾ. ದಾರಿ ತಪ್ಪಿ ಬಂದ್ರೇನು?”

“ನಿನ್ನ ಹತ್ರಽ ಬಂದೀನಿ, ಬಂದೇಅಲಿ.”

ಆಗಾ ಎಲ್ಲವನ್ನೂ ಹೇಳಿದರು. ಕೇಳುತ್ತ ಕೇಳುತ್ತ ಬಂದೇಅಲಿಯ ಸುತ್ತಿಗೆ ನಿಂತಿತು.

“ಯಾ ಅಲ್ಲಾ! ಮಂದಿ ಮುಂದ ನಿಮಗ ಕಂಜೂಸ್ ಅಂತ ಬೈಕೋತ ತಿರಗೀನಲ್ರಿ ನಾನು! ಒಂದು ಮಾತು ಹೇಳ್ಲಿಕ್ಕೆ ಏನಾಗಿತ್ತು?”

“ಹೇಳಿದ್ರ ಬ್ಯಾಡ ಅಂತಿದ್ದಿ.”

“ಅಂತಿದ್ದೆ, ಖರೇ.” ಅವನು ಉಳಿಯನ್ನು ಕೆಳಗಿಟ್ಟ. “ಈಗ ಅನ್ನಂಗಿಲ್ಲ. ಒಯ್ಯಾವ ಗಂಡ, ಒಯ್ಯೂದು ಕರ್ಬಲಾಕ್ಕ. ಅಡ್ಡ ಬರ್ಲಿಕ್ಕೆ ನಾ ಯಾರು? ಆದ್ರ ಬ್ಯಾರೆಯವರು ಗುದ್ದಲಿ ಹಚ್ಚಬಾರ್ದು. ನಾನಽ ಅಗೀತೀನಿ.”

ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಖಬರಸ್ತಾನದ ಬಾಗಿಲಲ್ಲಿ ಇಳಿಸಿದರು. ಬಂದೇಅಲಿ ಗುದ್ದಲಿಯನ್ನು ಎತ್ತಿದವನು ಮತ್ತೆ ಕೆಳಗಿಟ್ಟು, ದಿಬ್ಬದ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

“ಶಹರೂ, ಅಂಜಬ್ಯಾಡ, ನಮ್ಮವ್ವ. ಈ ಸಲ ಭಾಳ ದೂರ ಹೋಗೂದದ. ನಿಮ್ಮ ಮನಿಯವ್ರು ಜೊತಿಗಿರ್ತಾರ. ಅಲ್ಲಿ ಮಂದಿ ಮಾತು ತಿಳೀಲಿಲ್ಲಂದ್ರ ಗಾಬರಿ ಆಗಬ್ಯಾಡ, ಸುಮ್ಕಿರು.”

“ಸತ್ತವ್ರಿಗೆ ಎಲ್ಲೀ ಅಂಜಿಕಿ, ಬಂದೇಅಲಿ?” ಎಂದರು ಆಗಾ.

“ನಿಮಗ ಗೊತ್ತಿಲ್ಲ. ಲಗ್ನ ಆಗಿ ವಾಡಿಗೆ ಕಳಸೂವಾಗ ನನ್ನ ಅಂಗಿ ಚುಂಗು ಬಿಡಲಿಲ್ಲ ಆಕಿ. ವಾಡಿ ಅಂದ್ರ ಎಷ್ಟು ದೂರರಿ, ಬಗಲಾಗಿನ ಊರು! ‘ಅಣ್ಣಾ, ಅಲ್ಲಿ ನನಗ ಯಾರೂ ಗೊತ್ತಿಲ್ಲ’ ಅಂತ ಅತ್ತಳು. ನೀವು ರೈಲಿನ ಖಿಡಕಿ ಹತ್ರ ಕೂತು ಸಿಗರೇಟು ಸೇದಾಕತ್ತಿದ್ರಿ.”

ಆಗಾ ಆ ಕಿಟಕಿಯನ್ನು ನೆನೆದರು. ಅಳುವನ್ನು ನೆನೆಯಲಾರದೆ ಹೋದರು. ನೆನಪಾದದ್ದು ತಮ್ಮ ಮೊದಲ ವರ್ಷ: ವಾಡಿಯಲ್ಲಿ ತಮ್ಮ ಹೆಸರನ್ನು ನೆಟ್ಟಗೆ ಕರೆಯುವವರಿಲ್ಲದೆ, ಸಂಜೆ ಬಾಗಿಲು ಹಾಕಿದ ಮೇಲೆ ಚಹಾದ ಕಿಟಲಿಯೊಡನೆ ಪಾರಸಿಯಲ್ಲಿ ಮಾತಾಡುತ್ತಿದ್ದದ್ದು. ನೆನಪಾದದ್ದು ಶಹರಬಾನುವಿನ ಕೊನೆಯ ಜ್ವರ: ‘ನಿನ್ನನ್ನು ಕರ್ಬಲೆಗೆ ಒಯ್ಯುತ್ತೇನೆ’ ಎಂದಾಗ ಅವಳು ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಅದನ್ನು ಅವರು ಒಪ್ಪಿಗೆಯೆಂದೇ ಎಣಿಸಿದ್ದರು. ಪುಣ್ಯಭೂಮಿಯ ಆಸೆ ಯಾರದಾಗಿತ್ತು? ಹೊಸ ಪರದೇಶದಲ್ಲಿ ಮತ್ತೆ ಒಂಟಿಯಾಗಬಾರದೆಂಬ ಭಯ ಯಾರದು?

ಬಂದೇಅಲಿ ಎದ್ದು ಗುದ್ದಲಿ ಹಿಡಿದ. “ಯಾವ ಕಡಿಂದ ಶುರು ಮಾಡ್ಲಿ?”

“ತಡಿ” ಎಂದರು ಆಗಾ.

ಕರ್ಬಲೆಯ ಮಣ್ಣಿನಲ್ಲಿ ಮಲಗಿದವರಿಗೆ ಅಂತಿಮ ದಿನದ ವಿಚಾರಣೆ ಹಗುರವೆಂದು ಅವರು ಎಳವೆಯಿಂದ ನಂಬಿದವರು. ಆ ನಂಬಿಕೆ ಈಗಲೂ ಕದಲಿರಲಿಲ್ಲ. ಕದಲದಿದ್ದುದರಿಂದಲೇ ಮಾತು ಬಾಯಿಂದ ಹೊರಡಲು ತಡವಾಯಿತು. ಮಂಡಿಯೂರಿ, ಅಂಗೈಯನ್ನು ದಿಬ್ಬದ ಮೇಲಿಟ್ಟು, ಈ ಬಾರಿ ಗಟ್ಟಿಯಾಗಿ, ಅವಳು ಮನೆಯಲ್ಲಿ ಆಡುತ್ತಿದ್ದ ಮಾತಿನಲ್ಲಿಯೇ ಮಣ್ಣಿಗೆ ನುಡಿದರು:

“ಅಂದು ನಿನ್ನ ಹತ್ರ ಇಟ್ಟಿದ್ದೆ. ಇಂದು ಕೊಟ್ಟೀನಿ. ಇನ್ನ ಕೇಳಂಗಿಲ್ಲ. ಅಲ್ಲಾ ಸಾಕ್ಷಿ, ಆಕಿ ಅಣ್ಣ ಸಾಕ್ಷಿ.”

ಮಣ್ಣು ಸಡಿಲಿಸಲೆಂದು ತಂದಿದ್ದ ಕೊಡದ ನೀರನ್ನು, ಈ ಸೀಮೆಯವರು ದಾನ ಕೊಡುವಾಗ ಧಾರೆಯೆರೆಯುವಂತೆ, ಮೆಲ್ಲನೆ ದಿಬ್ಬದ ಉದ್ದಕ್ಕೂ ಎರೆದರು. ಒಣಮಣ್ಣು ಅದನ್ನು ಕುಡಿಯಿತು.

ಬಂದೇಅಲಿ ಗುದ್ದಲಿಯ ಕಾವಿಗೆ ಹಣೆಯಿಟ್ಟು ಅತ್ತ. ಆಮೇಲೆ ರುಮಾಲಿನಿಂದ ಮುಖ ಒರೆಸಿಕೊಂಡು, ಆಗಾ ಏಳಲು ತಿಣುಕುವುದನ್ನು ಕಂಡು ರಟ್ಟೆ ಹಿಡಿದೆಬ್ಬಿಸಿದ.

“ನೀವರ ಇಲ್ಲೇ ಇದ್ದುಬಿಡ್ರಲ್ಲ.”

“ಅಂಗಡಿ ಕೊಟ್ಟಾಗ್ಯದ. ಅಲ್ಲಿ ಚಿಕ್ಕಪ್ಪನ ಮಗ ನನ್ನ ದಾರಿ ಕಾಯಾಕತ್ತಾನ. ಹೋಗಬೇಕು.”

“ಹಂಗಾದ್ರ ಯಾವಾಗ ಬರ್ತೀರಿ?”

ಆಗಾ ಅವನ ಮುಖ ನೋಡಿದರು. ಎಂದು ಹೊರಡುತ್ತೀರೆಂದು ವಾಡಿಯಲ್ಲಿ ಎಲ್ಲರೂ ಕೇಳಿದ್ದರು; ಬರುವ ದಿನವನ್ನು ಯಾರೂ ಕೇಳಿರಲಿಲ್ಲ, ತಾವೂ ಎಣಿಸಿರಲಿಲ್ಲ. ಹೆಂಡತಿಯನ್ನು ಊರಲ್ಲಿ ಬಿಟ್ಟು ದುಡಿಯಲು ಹೋಗುವ ಗಂಡಸಿನಂತೆ ಈಗ ಲೆಕ್ಕ ಹಾಕಿದರು.

“ಬರೂ ರಂಜಾನಿಗೆ ರಜಾ ಕೊಟ್ರ, ಬರ್ತೀನಿ.”

“ಕೊಡಲಿಲ್ಲಂದ್ರ?”

“ಭಟ್ಟಿ ನನ್ನ ತಮ್ಮಂದು. ಕೊಡದಽ ಏನು ಮಾಡ್ತಾನ?”

“ಬರೂವಾಗ ಖಜೂರ ತರ್ರಿ ಮತ್ತ” ಎಂದ ಬಂದೇಅಲಿ, ಅವರ ಮಂಡಿಯ ಕೆಸರನ್ನು ಕೈಯಿಂದ ಒರೆಸುತ್ತ. “ಆಕಿ ಪಾಲಿಂದು ಓಣ್ಯಾಗ ನಾ ಹಂಚ್ತೀನಿ.”