ಕೋತಿ ವರ್ಷದ ಅಕ್ಕ

ಕೋಪ ಬಂದರೆ ನನಗೆ ಹಸಿವಾಗುತ್ತದೆ. ಇವತ್ತು ಹೊಟ್ಟೆ ಬಿರಿಯ ತಿಂದ ಮೇಲೆ ಕೋಪ ಬಂತು. ಹಾಗಾಗಿ ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ.

ನಮ್ಮ ಪಂಚಾಂಗ ಹೇಳುವ ಬೇಸಿಗೆಯ ಮೂರು ಕಡುಬಿಸಿಲಿನ ದಿನಗಳಲ್ಲಿ ಇವತ್ತು ನಡುವಿನದು. ಇಂಥ ದಿನ ಸಿಯೋಲ್ ಊರಿಗೆ ಊರೇ ಕೊತಕೊತ ಕುದಿಯುವ ಕೋಳಿ ಸೂಪು ಕುಡಿದು ಬೆವರು ಹರಿಸುತ್ತದೆ. ನಾವು ಮೂವರೂ ಪ್ರತಿ ವರ್ಷ ಅರಮನೆಯ ಹಿಂದಿನ ಓಣಿಯ ಹೋಟೆಲಿನಲ್ಲಿ ಸೇರುತ್ತೇವೆ. ನಾನು ಪಿಲ್ಸುನ್, ನನ್ನ ಓರಗೆಯ ಬೊಂಗ್‌ನಿಮ್, ಆಮೇಲೆ ನಮ್ಮಿಬ್ಬರಿಗಿಂತ ಎರಡು ವರ್ಷ ದೊಡ್ಡವಳಾದ ಗಿಲ್ಜಾ ಅಕ್ಕ. ಐವತ್ತು ವರ್ಷಗಳ ಹಿಂದೆ ವಿಗ್ ಮಾಡುವ ಕಾರ್ಖಾನೆಯೊಂದರಲ್ಲಿ ಒಂದೇ ಸಾಲಿನಲ್ಲಿ ಕೂತು ಕೂದಲು ಪೋಣಿಸಿದವರು ನಾವು. ಮದುವೆ, ಮಕ್ಕಳು, ಗಂಡಂದಿರ ಸಾವು ಎಲ್ಲ ಮುಗಿದರೂ ಆ ಸಾಲು ಮಾತ್ರ ಮುರಿದಿಲ್ಲ.

ಮುಕ್ಕಾಲು ಗಂಟೆ ಕ್ಯೂ ನಿಂತು ಒಳಗೆ ಹೋದೆವು. ಅಕ್ಕನ ಮುಂದೆ ಚಮಚ, ಊಟದ ಕಡ್ಡಿ ಜೋಡಿಸಿಟ್ಟವಳು ನಾನು. ನೀರು ಬಗ್ಗಿಸಿದವಳು ನಾನು. ಕಲ್ಲಿನ ಬಟ್ಟಲಿನಲ್ಲಿ ಕೋಳಿ ಬಂದಾಗ ಅದರ ಹೊಟ್ಟೆ ಬಿಡಿಸಿ, ಅಂಟನ್ನ, ಜಿನ್‌ಸೆಂಗ್ ಬೇರು ಹೊರಗೆ ತೆಗೆದು ಅಕ್ಕನಿಗೆ ಅನುಕೂಲ ಮಾಡಿಕೊಟ್ಟವಳೂ ನಾನೇ. ಮೊಮ್ಮಕ್ಕಳಿರುವ ಅರವತ್ತಾರು ವರ್ಷದ ಹೆಂಗಸು ಇದನ್ನೆಲ್ಲ ಮಾಡುವುದರಲ್ಲಿ ತಪ್ಪೇನಿದೆ? ಅಕ್ಕ ಅಂದರೆ ಅಕ್ಕ. ನಮ್ಮಲ್ಲಿ ಒಂದು ವರ್ಷ ಹೆಚ್ಚಿದ್ದರೂ ಅವರ ಮಾತಿನ ಮೇಲೆ ಮಾತಿಲ್ಲ, ಇದು ಹಾಲು ಕುಡಿಯುವಾಗಲೇ ಮೈಗೆ ಹತ್ತಿದ್ದು.

ಮೂಲಂಗಿ ಉಪ್ಪಿನಕಾಯಿ ಕಡಿಯುತ್ತಾ ನಾನು ವಿಷಯ ಎತ್ತಿದೆ. ಶಾಲೆ ಬಿಟ್ಟವರಿಗಾಗಿ ಸರ್ಕಾರ ನಡೆಸುವ ಮಿಡ್ಲ್ ಸ್ಕೂಲ್ ಪರೀಕ್ಷೆಗೆ ಎರಡು ವರ್ಷದಿಂದ ಓದುತ್ತಿದ್ದೇನೆ. ಪರೀಕ್ಷೆ ಆಗಸ್ಟ್ ಎಂಟಕ್ಕೆ. ಅಕ್ಕ ನಮ್ಮನ್ನು ಪೂರ್ವ ಸಮುದ್ರಕ್ಕೆ ಕರೆದೊಯ್ಯಲು ರೂಮು ಹಿಡಿದಿರುವುದೂ ಅದೇ ದಿನಕ್ಕೆ. ಪ್ರವಾಸವನ್ನು ಒಂದು ವಾರ ಮುಂದೂಡಬಹುದಾ ಎಂದು ಕೇಳಿದೆ. ಹಾಗೆ ಅಂಜುತ್ತಾ ಕೇಳಿದ್ದನ್ನು ಈಗ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಅಕ್ಕ ಮೂಳೆ ಚೀಪಿ ಪಕ್ಕಕ್ಕಿಟ್ಟಳು. ಈ ವಯಸ್ಸಿನಲ್ಲಿ ಸರ್ಟಿಫಿಕೇಟ್ ಹಿಡಿದು ಯಾವ ಆಫೀಸಿಗೆ ಹೋಗಬೇಕು, ಬೇಕಿದ್ದರೆ ಮುಂದಿನ ವರ್ಷ ಬರಿ, ಪರೀಕ್ಷೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದಳು. ಬೊಂಗ್‌ನಿಮ್ ಬಿಟ್ಟುಕೊಡಬೇಡ ಎಂಬಂತೆ ಮೇಜಿನ ಕೆಳಗೆ ನನ್ನ ಕಾಲು ಒದ್ದಳು. ನಾನು "ಆಯ್ತಕ್ಕ" ಅಂದೆ.

ಅಕ್ಕನಿಗೆ ಓದು ಬಿಟ್ಟುಕೊಟ್ಟಿದ್ದು ಅದು ಮೊದಲ ಸಲವೇನಲ್ಲ. ಕಾರ್ಖಾನೆಯಲ್ಲಿದ್ದಾಗ ಮಾಲೀಕ ಸಾಲಿಗೊಬ್ಬ ಹುಡುಗಿಯನ್ನು ಸಂಜೆ ಶಾಲೆಗೆ ಕಳಿಸುತ್ತೇನೆಂದ. ನನ್ನ ಕೈ ಚುರುಕೆಂದು ಮೇಸ್ತ್ರಿ ನನ್ನ ಹೆಸರು ಬರೆದುಕೊಂಡ. ಆಗ ಗಿಲ್ಜಾ ಅಕ್ಕ ಕೈ ಎತ್ತಿ, ಈ ಸಾಲಿನಲ್ಲಿ ನಾನು ದೊಡ್ಡವಳು, ನನಗೆ ಹತ್ತೊಂಬತ್ತು ಎಂದಳು. ಮೇಸ್ತ್ರಿ ನನ್ನ ಹೆಸರು ಹೊಡೆದುಹಾಕಿದ. ನಾನು ತುಟಿಪಿಟಕ್ ಎನ್ನಲಿಲ್ಲ, ಅದೇ ನ್ಯಾಯ ಅನ್ನಿಸಿತ್ತು. ಎರಡು ವರ್ಷ ಅವಳ ಶಾಲೆಯ ಅಂಗಿಯ ಬಿಳಿ ಕಾಲರನ್ನು ತಿಕ್ಕಿ ಇಸ್ತ್ರಿ ಮಾಡಿದೆ. ಓದಿದ ಅವಳು ಕಾರ್ಖಾನೆಯ ಆಫೀಸಿಗೆ ಹೋದಳು. ನಾನು ಕಣ್ಣು ಮಂಜಾಗುವವರೆಗೆ ಕೂದಲು ಪೋಣಿಸಿದೆ.

ಊಟ ಮುಗಿಸಿ ಅರಮನೆಯತ್ತ ನಡೆದೆವು. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಅಂಥದರಲ್ಲಿ ಅಕ್ಕ ನಮ್ಮ ಹಳೇ ಕಾಲದ ಉಡುಪು ಹನ್‌ಬೊಕ್ ಬಾಡಿಗೆಗೆ ಕೊಡುವ ಅಂಗಡಿಯ ಮುಂದೆ ನಿಂತು, ಮೂವರೂ ಹನ್‌ಬೊಕ್ ತೊಟ್ಟೇ ಒಳಗೆ ಹೋಗಬೇಕು, ತೊಟ್ಟವರು ಟಿಕೆಟ್ ಕೊಳ್ಳಬೇಕಿಲ್ಲ ಎಂದು ಹಟ ಹಿಡಿದಳು. ಪದರ ಪದರದ ಲಂಗ, ಮೇಲೊಂದು ಕುಪ್ಪಸ, ಮೂವತ್ತೈದು ಡಿಗ್ರಿ ಬಿಸಿಲು. ನಾನು ಎಂದಿನಂತೆ ಚೀಲ ಕೆಳಗಿಟ್ಟು ಅಳತೆ ಕೊಡಲು ಹೋದೆ.

"ಅಕ್ಕಾ, ನಿಮಗೆ ತಲೆ ಕೆಟ್ಟಿದೆಯಾ?" ಅಂದಳು ಬೊಂಗ್‌ನಿಮ್. "ಅರವತ್ತೈದು ದಾಟಿದ ಮುದುಕಿಯರಿಗೆ ಹೇಗೂ ಪುಕ್ಕಟೆ. ಕಾರ್ಡ್ ತೋರಿಸಿದ್ರೆ ಆಯ್ತು. ಇದನ್ನ ಸುತ್ಕೊಂಡು ನಾನು ಅಲ್ಲೇ ಬಿದ್ದು ಸತ್ರೆ ಹೆಣಕ್ಕೂ ಬಾಡಿಗೆ ಕಟ್ತೀರಾ?"

ಅಕ್ಕ ಗುರುತಿನ ಚೀಟಿ ಮನೆಯಲ್ಲಿ ಮರೆತೆ ಎಂದಳು. ಬೊಂಗ್‌ನಿಮ್ ಅಂಥದ್ದಕ್ಕೆಲ್ಲ ಕಿವಿಗೊಡುವವಳಲ್ಲ. ಟಿಕೆಟ್ ಕಿಟಕಿ ಬರುತ್ತಲೇ ಅಕ್ಕನ ಕೈಯಿಂದ ಫೋನ್ ಕಿತ್ತುಕೊಂಡು, ಅದರ ಕವರಿನಿಂದ ಚೀಟಿ ಎಳೆದು, ನಮ್ಮಿಬ್ಬರದರ ಜೊತೆ ಕಿಟಕಿಯೊಳಗೆ ತೂರಿಸಿದಳು. ಅಕ್ಕ ಕೈ ಚಾಚಿದಳು, ಅಷ್ಟರಲ್ಲಿ ತಡವಾಗಿತ್ತು.

ಒಳಗಿದ್ದ ಹುಡುಗಿ ಮೂರನ್ನೂ ನೋಡಿ ಅಕ್ಕನ ಕಡೆ ತಿರುಗಿ ನಯವಾಗಿ ಹೇಳಿದಳು. "ಅಮ್ಮಾ, ಇವರಿಬ್ಬರು ಹಾಗೇ ಹೋಗಬಹುದು. ನೀವು ಮಾತ್ರ ಟಿಕೆಟ್ ತಗೋಬೇಕು. ನಿಮಗಿನ್ನೂ ಅರವತ್ನಾಲ್ಕು."

ಬೊಂಗ್‌ನಿಮ್ ನಕ್ಕುಬಿಟ್ಟಳು. ಅಕ್ಕ ಕೂಡಲೇ, ನಾನು ಹುಟ್ಟಿ ನಾಲ್ಕು ವರ್ಷವಾದ ಮೇಲೆ ನಮ್ಮಪ್ಪ ದಾಖಲೆ ಬರೆಸಿದ್ದು ಎಂದಳು. ಅದೇನೂ ಇಲ್ಲದ ಮಾತಲ್ಲ. ಆಗ ಕೂಸುಗಳು ಸಾಯುತ್ತಿದ್ದ ಕಾಲ, ಬದುಕುತ್ತದೋ ಇಲ್ಲವೋ ನೋಡಿ ಒಂದು, ಹೆಚ್ಚೆಂದರೆ ಎರಡು ವರ್ಷ ತಡಮಾಡಿ ಬರೆಸುತ್ತಿದ್ದರು. ಆದರೆ ನಾಲ್ಕು ವರ್ಷ? ಮೆಟ್ರೋದಲ್ಲಿ ಮುದುಕಿಯರ ಪುಕ್ಕಟೆ ಪಾಸು ತೆಗೆದುಕೊಳ್ಳದೆ, ನನಗೆ ಭಿಕ್ಷೆ ಬೇಡ ಎಂದು ಜಂಬ ಕೊಚ್ಚುತ್ತಿದ್ದುದು ನೆನಪಾಯಿತು. ನಮ್ಮಲ್ಲಿ ಪ್ರತಿ ವರ್ಷಕ್ಕೊಂದು ಪ್ರಾಣಿಯ ಹೆಸರು, ನಾಯಿಗಿಂತ ಕೋತಿ ಎರಡು ವರ್ಷ ಮೊದಲು. ನಾನು ಕೋತಿ ವರ್ಷದವಳು, ನೀವು ನಾಯಿ ವರ್ಷದವರು, ನಿಮಗೇನು ಗೊತ್ತು ಎಂದು ಗದರುತ್ತಿದ್ದುದೂ ನೆನಪಾಯಿತು. ಪಿತ್ತ ನೆತ್ತಿಗೇರಿತು.

ಅಕ್ಕ ಟಿಕೆಟ್ ಕೊಂಡಳು, ಒಳಗೆ ಹೋದೆವು. ಕೊಳದ ನಡುವಿನ ಮಂಟಪದ ಎದುರು ವಿಲೋ ಮರದ ನೆರಳಿತ್ತು. ಅಲ್ಲಿ ಅಕ್ಕ ಕುಸಿದು ಕೂತಳು. ಬೊಂಗ್‌ನಿಮ್ ನನ್ನ ಮುಖ ನೋಡಿ, ನೀರು ತರುತ್ತೇನೆಂದು ಜಾಗ ಖಾಲಿ ಮಾಡಿದಳು.

"ಕಾರ್ಖಾನೆಗೆ ಬಂದಾಗ ನಿಮಗೆ ಎಷ್ಟು ವರ್ಷ?" ಎಂದೆ.

ಅವಳು ಕೊಳ ನೋಡುತ್ತಾ ಕೂತಳು. ನಾನು ಮತ್ತೆ ಕೇಳಿದೆ, ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದ ಹುಡುಗಿಯರು ತಿರುಗಿ ನೋಡುವಷ್ಟು ಜೋರಾಗಿ.

"ಹದಿನಾಲ್ಕು," ಎಂದಳು.

ಆಮೇಲೆ ಅಷ್ಟೂ ಹೊರಬಂತು. ಹದಿನಾರು ತುಂಬದವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹದಿನಾರು ಅಂದರೆ ಅನುಮಾನ ಬರುತ್ತದೆಂದು ಹದಿನೆಂಟು ಅಂದಳಂತೆ. ಎತ್ತರವಿದ್ದಳು, ನಂಬಿದರು. ಊರಿನಲ್ಲಿ ಮಲತಾಯಿ, ತಿನ್ನಲು ಜೋಳದ ಗಂಜಿಯೂ ಇಲ್ಲ, ವಾಪಸು ಕಳಿಸಿದ್ದರೆ ಸಾಯುತ್ತಿದ್ದೆ ಎಂದಳು. ಅದನ್ನು ನಾನು ಅಲ್ಲೇ ಕ್ಷಮಿಸಿದೆ. ಹೊಟ್ಟೆಗಾಗಿ ಆಡಿದ ಸುಳ್ಳಿಗೆ ಐವತ್ತು ವರ್ಷದ ನಂತರ ಯಾರು ಲೆಕ್ಕ ಕೇಳುತ್ತಾರೆ? ಹದಿನಾಲ್ಕು ವರ್ಷದ ಹುಡುಗಿ ನಮಗೆಲ್ಲ ದೊಡ್ಡಕ್ಕನ ಹಾಗೆ ನಟಿಸುತ್ತಾ ರಾತ್ರಿ ಹೇಗೆ ನಿದ್ದೆ ಮಾಡಿದಳೋ ಎಂದು ಕರುಳು ಚುರುಕ್ ಅಂದಿದ್ದೂ ನಿಜ.

ಆದರೆ ಮೇಸ್ತ್ರಿ ನನ್ನ ಹೆಸರು ಬರೆದುಕೊಂಡಾಗ ಅವಳಿಗೆ ಕೆಲಸ ಸಿಕ್ಕಿ ಒಂದು ವರ್ಷವಾಗಿತ್ತು. ಯಾರೂ ಅವಳನ್ನು ಓಡಿಸುತ್ತಿರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಿತ್ತು.

"ಕೈ ಯಾಕೆ ಎತ್ತಿದೆ?" ಎಂದೆ. ಬಹುವಚನ ಎಲ್ಲಿ ಹೋಯಿತೋ ನನಗೇ ಗೊತ್ತಾಗಲಿಲ್ಲ.

"ನಂಗೂ ಓದಬೇಕಿತ್ತು ಕಣೇ."

"ನನ್ನ ಹೆಸರು ಹೊಡೆದು ಹಾಕೋದು ನೋಡ್ತಾ ಇದ್ದೆ ತಾನೆ?"

"ನೋಡ್ತಾ ಇದ್ದೆ."

ಅಲ್ಲಾದರೂ ಅವಳು ಸುಳ್ಳು ಹೇಳಬಾರದಿತ್ತೇ, ನೋಡಲಿಲ್ಲ, ಮರೆತಿದ್ದೇನೆ ಅಂತ? ಜೀವಮಾನವೆಲ್ಲ ಸುಳ್ಳು ಹೇಳಿದವಳು ಅದೊಂದು ಕಡೆ ನಿಜ ಹೇಳಿದಳು. ಆ ಬಿಳಿ ಕಾಲರು ಕಣ್ಣಮುಂದೆ ಬಂತು. ಗಂಜಿ ಹಾಕಿ ಗರಿಗರಿ ಮಾಡಿಕೊಡುತ್ತಿದ್ದೆ. ಒಂದು ದಿನ ಸುಕ್ಕು ಉಳಿದಿದೆ ಎಂದು ನನ್ನ ಕಿವಿ ಹಿಂಡಿದ್ದಳು, ನನಗಿಂತ ಎರಡು ವರ್ಷ ಚಿಕ್ಕ ಹುಡುಗಿ.

ಅವಳು ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. ಕೂರುತ್ತಲೇ ಹಳೆಯ ದನಿ ವಾಪಸು ಬಂತು. ಪ್ರವಾಸ ಮುಂದಕ್ಕೆ ಹಾಕೋಣ, ರೂಮಿನವರಿಗೆ ನಾನೇ ಫೋನ್ ಮಾಡುತ್ತೇನೆ ಎಂದಳು.

"ನೀನು ಹೋಗಿ ಪರೀಕ್ಷೆ ಬರಿ, ಪಿಲ್ಸುನ್. ನಾನೇ ಹೇಳ್ತಾ ಇದೀನಲ್ಲ, ಹೋಗು."

ಇಡೀ ದಿನದಲ್ಲಿ ನನಗೆ ನಿಜವಾಗಿ ಮೈ ಉರಿದದ್ದು ಆಗ. ಕದ್ದ ಜಾಗದಲ್ಲೇ ಕೂತು ನನಗೆ ಅಪ್ಪಣೆ ಕೊಡುತ್ತಿದ್ದಾಳೆ. ನನ್ನ ಬಾಯಿಗೆ "ಆಯ್ತಕ್ಕ" ಅನ್ನುವುದು ಬಂದೂ ಬಿಟ್ಟಿತ್ತು. ಅದು ಇನ್ನೂ ದೊಡ್ಡ ಅವಮಾನ. ಹಲ್ಲು ಕಚ್ಚಿ ನುಂಗಿದೆ.

"ಹೋಗ್ಬೇಡ ಅನ್ನೋಕೆ ನೀನ್ಯಾರು ಅಂತ ಕೇಳ್ಬೇಕು ಅಂತಿದ್ದೆ," ಎಂದೆ. "ಈಗ ಕೇಳ್ತೀನಿ, ಹೋಗು ಅನ್ನೋಕೆ ನೀನ್ಯಾರು?"

ಬೊಂಗ್‌ನಿಮ್ ಮೂರು ನೀರಿನ ಬಾಟಲಿ ಹಿಡಿದು ಓಡೋಡಿ ಬರುತ್ತಿದ್ದಳು. ನಾನು ಒಂದನ್ನು ಇಸಿದುಕೊಂಡು, ಅರಮನೆ ನೀವೇ ನೋಡಿಕೊಳ್ಳಿ ಎಂದು ಹೇಳಿ ಹೊರಬಾಗಿಲ ಕಡೆ ನಡೆದೆ. ಗಣಿತದಲ್ಲಿ ನನಗಿನ್ನೂ ಎರಡು ಪಾಠ ಬಾಕಿ ಇದ್ದವು.