ತೆಗೆ, ನೋಡು, ಮುಟ್ಟು

ಆರ್ಲೋನ ಬಂದೂಕಿನ ಅಂಗಡಿ ದನದ ಮೇವು ಮಾರುವ ಮಳಿಗೆಯ ಹಿಂಬದಿಯಲ್ಲಿತ್ತು. ಒಳಗೆ ಕಾಲಿಟ್ಟರೆ ಬಂದೂಕಿನ ಎಣ್ಣೆಯ ವಾಸನೆಯ ಜೊತೆಗೆ ಜೋಳದ ನುಚ್ಚಿನ ವಾಸನೆಯೂ ಬರುತ್ತಿತ್ತು. ವೆಲ್ಡಾಗೆ ಅದು ಅಪ್ಪನ ಕೈ ಹಿಡಿದು ಬರುತ್ತಿದ್ದ ಕಾಲದಿಂದಲೂ ಪರಿಚಿತ. ಸೊಸೆ ನೋಯೆಮಿಗೆ ಮಾತ್ರ ಎಲ್ಲ ಹೊಸದು. ಅವಳು ಕಾಗದದ ಕಾಫಿ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

“ಬಾ ಮಗಳೇ, ಅವೇನೂ ಕಚ್ಚಲ್ಲ,” ಎಂದಳು ವೆಲ್ಡಾ.

“ಕಚ್ಚಲ್ಲ ಅಂತ ಮೊದಲು ಅವಕ್ಕೆ ಹೇಳಿ,” ಎಂದಳು ನೋಯೆಮಿ. ಆದರೂ ಒಳಗೆ ಬಂದಳು.

ಭಾನುವಾರ ಊಟವಾದ ಮೇಲೆ ಇಡೀ ಮನೆಯೇ ಹೊಲದ ಹಿಂದಿನ ಜಲ್ಲಿ ಗುಂಡಿಗೆ ಹೋಗಿ ಖಾಲಿ ಡಬ್ಬಿಗಳಿಗೆ ಗುರಿ ಇಡುವುದು ಅವರ ರೂಢಿ. ಸಣ್ಣ ಪಿಸ್ತೂಲು, ಸಣ್ಣ ತೋಟಾ. ಡಬ್ಬಿ ‘ಟಿಣ್’ ಅಂದರೆ ನಗು, ತಪ್ಪಿದರೆ ಇನ್ನೂ ದೊಡ್ಡ ನಗು. ಮದುವೆಯಾದಾಗಿನಿಂದ ನೋಯೆಮಿ ಮಾತ್ರ ಗಾಜು ಏರಿಸಿಕೊಂಡು ಟ್ರಕ್ಕಿನಲ್ಲೇ ಕೂತಿರುತ್ತಿದ್ದಳು. ಅವಳು ಬೆಳೆದದ್ದು ಪಿಟ್ಸ್‌ಬರ್ಗಿನ ಒಂದು ಬೀದಿಯಲ್ಲಿ. ಅಲ್ಲಿ ಗುಂಡಿನ ಸದ್ದು ಕೇಳಿದರೆ ಮಕ್ಕಳು ನೆಲಕ್ಕೆ ಬಿದ್ದು ಮಲಗಬೇಕಿತ್ತು. ವೆಲ್ಡಾ ಒಂದು ದಿನವೂ ಒತ್ತಾಯ ಮಾಡಲಿಲ್ಲ. ಟ್ರಕ್ಕಿನ ಕಿಟಕಿಗೆ ಹೋಗಿ ಒಂದು ತುಂಡು ಆಪಲ್ ಪೈ ಕೊಟ್ಟು, ಮಾತಾಡಿಸಿ ಬರುತ್ತಿದ್ದಳು. ಹೋದ ಭಾನುವಾರ ನೋಯೆಮಿ ತಾನಾಗಿ ಕೆಳಗಿಳಿದು ಬಂದು, “ಜಾಸ್ತಿ ಸದ್ದು ಮಾಡದ್ದು ಒಂದು ನನಗೂ ಸಿಗತ್ತಾ?” ಎಂದು ಕೇಳಿದ್ದಳು. ವೆಲ್ಡಾಗೆ ಆ ರಾತ್ರಿ ಸಂತೋಷಕ್ಕೆ ನಿದ್ದೆ ಹತ್ತಲಿಲ್ಲ. ಅವಳಿಗೆ ಇದ್ದದ್ದು ಒಂದೇ ಆಸೆ: ಮತ್ತೆ ಆ ಹುಡುಗಿ ಟ್ರಕ್ಕಿನೊಳಗೆ ಹೋಗಿ ಗಾಜು ಏರಿಸಿಕೊಳ್ಳಬಾರದು.

ಮಗ ಡ್ವೈಟ್ ತಾನೂ ಬರುತ್ತೇನೆಂದಾಗ, “ನೀನು ಬೇಡ. ನಿನ್ನ ಬಾಯಿ ಜಾಸ್ತಿ, ಹೆದರಿಸಿಬಿಡ್ತೀಯ,” ಎಂದು ಮನೆಯಲ್ಲೇ ಬಿಟ್ಟು ಬಂದಿದ್ದಳು.

ದಾರಿಯುದ್ದಕ್ಕೂ ಸೊಸೆಗೆ ತನ್ನ ಮೂರು ಮಾತು ಬಾಯಿಪಾಠ ಮಾಡಿಸಿದ್ದಳು. ತೆಗೆ, ನೋಡು, ಮುಟ್ಟು. ಯಾರೇ ಪಿಸ್ತೂಲು ಕೊಡಲಿ, ಮೊದಲು ಅದರ ಬಾಯಿ ತೆಗೆಯಬೇಕು. ತೋಟಾ ಕೂರುವ ಗೂಡನ್ನು ಕಣ್ಣಿಂದ ನೋಡಬೇಕು. ಕಣ್ಣನ್ನೂ ನಂಬದೆ ಕಿರುಬೆರಳಿಟ್ಟು ಮುಟ್ಟಬೇಕು. ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಬೇಟೆಗಾರರಿಗೆ ವೆಲ್ಡಾ ಪಾಠ ಹೇಳಲು ಶುರು ಮಾಡಿ ಬಹಳ ವರ್ಷವಾಗಿತ್ತು. ಗಡ್ಡ ಬೆಳೆದ ಗಂಡಸರು ಕೂಡ ದಿನಸಿ ಅಂಗಡಿಯಲ್ಲಿ ಅವಳನ್ನು ಕಂಡರೆ ಆ ಮೂರು ಮಾತು ಹೇಳಿ ನಗುತ್ತಿದ್ದರು. ‘ಖಾಲಿ ಇದೆ’ ಎನ್ನುವುದು ಅವಳ ತರಗತಿಯಲ್ಲಿ ಬೈಗುಳಕ್ಕೆ ಸಮ. ಹಾಗೆಂದ ಒಬ್ಬ ಶಾಲಾ ಮಂಡಳಿಯ ಸದಸ್ಯನನ್ನೇ ಪಾಠದ ಮಧ್ಯೆ ಎಬ್ಬಿಸಿ ಹೊರಗೆ ಕಳಿಸಿದ್ದಳು.

ಆರ್ಲೋ ಗಾಜಿನ ಕಟ್ಟೆಯ ಮೇಲೆ ಹಸಿರು ಬಟ್ಟೆ ಹಾಸಿ ಪಿಸ್ತೂಲುಗಳನ್ನು ಒಂದೊಂದಾಗಿ ಇಟ್ಟ. ಒಲೆಯ ಪಕ್ಕ ಕುರ್ಚಿ ಹಾಕಿಕೊಂಡಿದ್ದ ಮುದುಕ ಹೋಬರ್ಟ್, ಯಾರೂ ಕೇಳದಿದ್ದರೂ ಸಲಹೆ ಕೊಡಲು ತಯಾರಾದ.

“ಇದು ಹಗುರ, ಕೈಯೂ ನೋಯಲ್ಲ,” ಎಂದ ಆರ್ಲೋ.

“ಹಗುರ ಇದ್ರೆ ಕೈ ನಡುಗಿದ್ದೆಲ್ಲ ಡಬ್ಬಿಗೆ ಗೊತ್ತಾಗತ್ತೆ,” ಎಂದಳು ವೆಲ್ಡಾ. “ನಳಿಗೆ ಸ್ವಲ್ಪ ಭಾರ ಇರ್ಲಿ.”

“ಆ ಮೂಲೇದು ಕೊಡಬೇಡ ಕಣಯ್ಯ,” ಹೋಬರ್ಟ್ ಕೂಗಿದ. “ಅದು ಮಹಾರಾಣಿ. ಒಳ್ಳೆ ತೋಟಾ ಹಾಕಿದ್ರೆ ತಿನ್ನತ್ತೆ, ಅಗ್ಗದ್ದು ಹಾಕಿದ್ರೆ ಉಗಿಯತ್ತೆ.”

“ನಿನ್ನ ಹಾಗೇನಾ?” ಎಂದ ಆರ್ಲೋ.

ನೋಯೆಮಿ ನಕ್ಕಳು. ಆ ನಗು ಕೇಳಿ ವೆಲ್ಡಾಗೆ ರೆಕ್ಕೆ ಬಂದಂತಾಯಿತು. ಉದ್ದ ನಳಿಗೆಯ ಗುರಿಗಾರರ ಪಿಸ್ತೂಲೊಂದನ್ನು ತೋರಿಸಿ ಕೇಳಿದಳು. ಆರ್ಲೋ ಅದನ್ನು ತೆಗೆದ, ನೋಡಿದ, ತೆರೆದಂತೆಯೇ ಅವಳ ಕೈಗಿಟ್ಟ. ಅಂಥದ್ದರಲ್ಲೇ ಅವಳು ಒಂದು ಚಳಿಗಾಲ ಕ್ಲಬ್ಬಿನ ಪಂದ್ಯ ಗೆದ್ದಿದ್ದಳು. ಆ ಕಥೆ ಹೇಳುತ್ತಲೇ ಹೆಬ್ಬೆರಳಿನಿಂದ ಅದನ್ನು ಮುಚ್ಚಿದಳು.

“ಇದರ ಟ್ರಿಗರ್ ನೋಡಬೇಕು ನೀನು, ಬೆಣ್ಣೆ ಅಂದ್ರೆ ಬೆಣ್ಣೆ,” ಎನ್ನುತ್ತ ಸೊಸೆಯ ಕಡೆ ತಿರುಗಿದಳು. ಮಾತಿನ ಜೊತೆ ಕೈಯೂ ತಿರುಗಿತು. ಬೆರಳು ಎಳೆಯಿತು.

‘ಟಕ್.’

ಅಷ್ಟೇ. ಬಾಗಿಲ ಚಿಲಕ ಹಾಕಿದಷ್ಟು ಸದ್ದು. ನಳಿಗೆ ನೋಯೆಮಿಯ ಎದೆಯ ನೇರಕ್ಕಿತ್ತು.

ನೋಯೆಮಿ ಕಾಫಿ ಲೋಟವನ್ನು ಎದೆಗೆ ಒತ್ತಿಕೊಂಡಿದ್ದಳು, ಕಾಗದದ ಲೋಟ ಏನನ್ನೋ ತಡೆದೀತು ಎಂಬಂತೆ. ಮುಚ್ಚಳದಿಂದ ಕಾಫಿ ಉಕ್ಕಿ ಅವಳ ಸ್ವೆಟರಿಗೆ ಇಳಿಯುತ್ತಿತ್ತು. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

ಮೊದಲು ಬಾಯಿ ತೆರೆದವನು ಹೋಬರ್ಟ್. “ಅಯ್ಯಯ್ಯೋ ವೆಲ್ಡಾ! ಸಣ್ಣ ತೋಟಾದ ಪಿಸ್ತೂಲನ್ನ ಯಾರಾದ್ರೂ ಖಾಲಿ ಹೊಡೀತಾರೇನೇ? ತೋಟಾಗೆ ಹೊಡೆಯೋ ಸೂಜಿ ಹೋಗಿ ಗೂಡಿನ ಅಂಚಿಗೆ ಕುಟ್ಟಿ ಹಾಳಾಗತ್ತೆ. ಆರ್ಲೋ, ಈಯಮ್ಮನ ಹತ್ರ ದಂಡ ಹಾಕಿಸ್ಕೋ!”

“ಇರ್ಲಿ ಬಿಡು, ಇದು ಹೊಸ ಮಾದರಿ, ಏನಾಗಲ್ಲ,” ಎಂದ ಆರ್ಲೋ, ಎತ್ತಲೋ ನೋಡುತ್ತ. ಆಮೇಲೆ ಮೆಲ್ಲಗೆ, “ನಾನು ನೋಡೇ ಕೊಟ್ಟಿದ್ದೆ ವೆಲ್ಡಾ. ಖಾಲಿ ಇದೆ,” ಎಂದ.

ಖಾಲಿ ಇದೆ. ವೆಲ್ಡಾಳ ಕಿವಿ, ಕೆನ್ನೆ, ಕತ್ತು ಎಲ್ಲ ಸುಡತೊಡಗಿತು. ಅವರು ಸೂಜಿಯ ಮಾತಾಡುತ್ತಿದ್ದರು. ಅಲ್ಲಿದ್ದ ಎಲ್ಲರೂ ಕಂಡದ್ದನ್ನು ಯಾರೂ ಆಡಲಿಲ್ಲ. ಅವಳ ಮರ್ಯಾದೆ ಉಳಿಸಲು ಒಂದು ತಮಾಷೆಯನ್ನು ಮೇಲೆ ಹೊದಿಸುತ್ತಿದ್ದರು. ಅವಳೂ ನಕ್ಕುಬಿಟ್ಟರೆ ಮುಗಿಯುತ್ತಿತ್ತು. ನಗು ತುಟಿಯವರೆಗೆ ಬಂದಿತ್ತು ಕೂಡ. ಅದು ಬಂದದ್ದಕ್ಕೇ ಅವಳಿಗೆ ಮತ್ತಷ್ಟು ನಾಚಿಕೆಯಾಯಿತು.

ಪಿಸ್ತೂಲನ್ನು ತೆರೆದು, ನಳಿಗೆಯನ್ನು ಗೋಡೆಯ ಕಡೆ ಮಾಡಿ ಬಟ್ಟೆಯ ಮೇಲಿಟ್ಟಳು.

“ಸುಮ್ನಿರು ಹೋಬರ್ಟ್,” ಎಂದಳು. “ಸೂಜಿದಲ್ಲ ಮಾತು. ನಾನು ಅವಳ ಕಡೆ ಹಿಡಿದೆ.” ಸೊಸೆಯ ಕಡೆ ತಿರುಗಿದಳು, ಮುಖ ನೋಡಲಾಗದೆ ಸ್ವೆಟರಿನ ಕಲೆ ನೋಡುತ್ತ ಹೇಳಿದಳು: “ನೋಯೆಮಿ, ನಿನ್ನ ಎದೆಗೇ ಹಿಡಿದೆ. ಆರ್ಲೋ ನೋಡಿದ್ನಲ್ಲ ಅಂತ ನಾನು ನೋಡ್ಲಿಲ್ಲ. ಮುಟ್ಲೂ ಇಲ್ಲ.”

“ಗೊತ್ತು,” ಎಂದಳು ನೋಯೆಮಿ. “ನೀವು ಯಾವಾಗ ಮುಟ್ತೀರಾ ಅಂತ ನಾನು ಕಾಯ್ತಾ ಇದ್ದೆ.”

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು. ವೆಲ್ಡಾಳ ಪಾಠವನ್ನು ಶಿಷ್ಯೆ ಅಷ್ಟು ಚೆನ್ನಾಗಿ ಕಲಿತಿದ್ದಳು.

“ಮನೆಗೆ ಹೋಗೋಣ ನಡಿ,” ಎಂದಳು ವೆಲ್ಡಾ. “ನಿನಗೆ ಇದೆಲ್ಲ ಬೇಡ ಅನ್ನಿಸಿದ್ರೆ ಯಾರೂ ಏನೂ ಅನ್ನಲ್ಲ. ಡ್ವೈಟ್‌ಗೆ ನಾನೇ ಹೇಳ್ತೀನಿ, ತಪ್ಪು ನಂದೇ ಅಂತ.”

ನೋಯೆಮಿ ಲೋಟವನ್ನು ಕಟ್ಟೆಯ ಮೇಲಿಟ್ಟಳು. ಕೈ ಜೇಬಿಗೆ ಸೇರಿಸಿಕೊಂಡು ಆರ್ಲೋನನ್ನು ಕೇಳಿದಳು: “ಬೇರೆಯವರ ಕೈಯಲ್ಲಿರುವಾಗಲೂ ಖಾಲಿ ಇದೆ ಅಂತ ನಾನು ದೂರ ನಿಂತು ನೋಡೋಕಾಗೋ ಅಂಥದ್ದು ಇದೆಯಾ?”

ಆರ್ಲೋ ತಲೆ ಕೆರೆದುಕೊಂಡ. ಭಾರ ಕೇಳಿದವರಿದ್ದರು, ಬಣ್ಣ ಕೇಳಿದವರೂ ಇದ್ದರು, ಇದನ್ನು ಯಾರೂ ಕೇಳಿರಲಿಲ್ಲ.

“ಕೆಳಗಿನ ಅರೆಯಲ್ಲಿ ಆ ಹಳೇ ರಿವಾಲ್ವರ್ ಇತ್ತಲ್ಲ,” ಎಂದ ಹೋಬರ್ಟ್. ಈ ಸಲ ಅವನ ದನಿ ಕೂಗಲಿಲ್ಲ.

ಮರದ ಹಿಡಿಯ ರಿವಾಲ್ವರ್. ವೆಲ್ಡಾಗೆ ಅದು ಎಂದೂ ಹಿಡಿಸಿದ್ದಲ್ಲ. ಟ್ರಿಗರ್ ಬಿಗಿ, ತೋಟಾ ತುಂಬುವುದು ನಿಧಾನ, ಗುರಿಗೆ ಪಿಸ್ತೂಲಿನ ಸಮ ಬಾರದು. ಹೇಳಲು ಬಾಯಿ ತೆರೆದಳು. ಮುಚ್ಚಿಕೊಂಡಳು.

ಆರ್ಲೋ ಅದರ ತೋಟಾ ತುಂಬುವ ಉರುಳೆಯನ್ನು ಪಕ್ಕಕ್ಕೆ ಹೊರಳಿಸಿ ಕಿಟಕಿಗೆ ಎದುರಾಗಿ ಹಿಡಿದ. ನೋಯೆಮಿ ಮೇವಿನ ಚೀಲಗಳವರೆಗೆ ಹಿಂದೆ ಹಿಂದೆ ನಡೆದು ಅಲ್ಲಿಂದ ನೋಡಿದಳು. ಉರುಳೆಯ ಒಂದೊಂದು ತೂತಿನಲ್ಲೂ ಬೆಳಕು ಕಂಡಿತು.

“ಇದು ಸಾಕು,” ಎಂದಳು.

ಆರ್ಲೋ ಅಭ್ಯಾಸಬಲದಿಂದ ಅದನ್ನು ವೆಲ್ಡಾಳ ಕಡೆ ಚಾಚಿದ. ವೆಲ್ಡಾ ಕೈ ನೀಡಲಿಲ್ಲ. ನೋಯೆಮಿ ಬಂದು ತೆಗೆದುಕೊಂಡಳು, ನೋಡಿದಳು, ಪ್ರತಿ ತೂತಿಗೂ ಕಿರುಬೆರಳಿಟ್ಟಳು. ಆಮೇಲೆ ತೆರೆದಂತೆಯೇ ಅತ್ತೆಯ ಮುಂದೆ ಹಿಡಿದಳು. ಅವಳ ಮುಖದಲ್ಲಿ ಅಣಕವಿರಲಿಲ್ಲ, ನಗುವೂ ಇರಲಿಲ್ಲ. ಸುಮ್ಮನೆ ಕಾದಳು.

ಇಬ್ಬರು ಗಂಡಸರ ಎದುರಿಗೆ ವೆಲ್ಡಾ ತನ್ನ ಬೆರಳನ್ನು ಒಂದೊಂದೇ ತೂತಿಗೆ ಇಟ್ಟಳು. ಯಾವುದನ್ನೂ ಬಿಡಲಿಲ್ಲ. ಹೋಬರ್ಟ್ ಒಲೆಯನ್ನೇ ನೋಡುತ್ತ ಕೂತಿದ್ದ.

ಕಾಗದಪತ್ರದ ಕೆಲಸ ಮುಗಿಸಿ ಟ್ರಕ್ಕಿಗೆ ಬಂದಾಗ ರಿವಾಲ್ವರಿನ ಪೆಟ್ಟಿಗೆ ನೋಯೆಮಿಯ ತೊಡೆಯ ಮೇಲಿತ್ತು. ಕಿಟಕಿಯ ಗಾಜು ಏರಿತ್ತು. ವೆಲ್ಡಾ ಅದನ್ನು ಕಂಡಳು, ಆದರೆ ಭಾನುವಾರದ ಮಾತೆತ್ತಲು ಧೈರ್ಯ ಸಾಲಲಿಲ್ಲ. ಟ್ರಕ್ಕು ಸೇತುವೆ ದಾಟಿತು.

“ಭಾನುವಾರ ಡಬ್ಬಿ ನಾನು ಇಡ್ತೀನಿ,” ಎಂದಳು ನೋಯೆಮಿ, ರಸ್ತೆಯನ್ನು ನೋಡುತ್ತ.

ವೆಲ್ಡಾ ಟ್ರಕ್ಕಿನ ವೇಗ ಇಳಿಸಿದಳು.

“ಇಟ್ಟು ವಾಪಸ್ ಬರೋವರೆಗೂ ನೀವು ಇದನ್ನ ಮುಟ್ಟಬಾರದು.”

“ಮುಟ್ಟಲ್ಲ.”

“ನಾವು ನಿಂತು ಗುರಿ ಇಡೋ ಕಡೆ ಒಂದು ಹಲಗೆ ಮೇಲೆ ತೆರೆದಿಟ್ಟಿರಬೇಕು. ನನಗೆ ಅಲ್ಲಿಂದ ಬೆಳಕು ಕಾಣಬೇಕು.”

“ಆಯ್ತು,” ಎಂದಳು ವೆಲ್ಡಾ, ತರಗತಿಯ ಹಿಂದಿನ ಬೆಂಚಿನಿಂದ ಹೇಳುವವರ ಹಾಗೆ. ಸ್ವಲ್ಪ ದೂರ ಹೋದ ಮೇಲೆ, ಅಷ್ಟು ಸಾಲದೆನಿಸಿ, ಮತ್ತೊಮ್ಮೆ ಹೇಳಿದಳು. “ಆಯ್ತು, ನೋಯೆಮಿ.”